ತಣ್ಣಗಾದ ತಾಯಿ ಡ್ರಮ್ಮು

"ಸತ್ತವರು ಎಷ್ಟು ಜನ?" ಎಂದು ಕೇಳಿದೆ.

"ಲೆಕ್ಕ ಹಾಕೋಕಾಗಲ್ಲ ಕಣೇ," ಎಂದರು ಅತ್ತಿಗೆ, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ. "ಒಂದು ಚಮಚ ತೆಗೆದ್ರೆ ಅದರಲ್ಲೇ ಕೋಟಿಗಟ್ಟಲೆ ಇರ್ತಾವೆ."

ನಾನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟೆ. ಪತ್ತೇದಾರಿಕೆ ನನ್ನ ಕಸುಬು ಅಂತ, ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳಿಗೆ ಫೋನ್ ಮಾಡಿ "ಕೊಲೆಯಾಗಿದೆ, ತಕ್ಷಣ ಬಾ" ಎಂದು ಬಿಕ್ಕಿದ್ದರು. ಬಾಯಿಯೂ ಸರಿಯಾಗಿ ಮುಕ್ಕಳಿಸದೆ ಓಡಿ ಬಂದಿದ್ದೆ. ಬಂದು ನೋಡಿದರೆ ಹೆಣವಿಲ್ಲ, ರಕ್ತವಿಲ್ಲ. ಎಂಜಲಿನ ವಾಸನೆ ಹೊಡೆಯುವ ಉದ್ದನೆಯ ಶೆಡ್ಡು, ಅದರೊಳಗೆ ಮಲಗಿದ ಮೂರು ದೊಡ್ಡ ಡ್ರಮ್ಮು, ಮೂಲೆಯಲ್ಲಿ ಒಂದು ಸಣ್ಣ ಡ್ರಮ್ಮು. ಆ ಸಣ್ಣದರ ಮುಂದೆ ಮೂರು ಜನ ಸೂತಕದ ಮುಖ ಹೊತ್ತು ನಿಂತಿದ್ದರು.

"ಅತ್ತಿಗೆ, ನೀವು ಕೊಲೆ ಅಂದ್ರಿ."

"ಕೊಲೆ ಅಲ್ದೆ ಇನ್ನೇನು? ಆರು ವರ್ಷ ಸಾಕಿದೀನಿ ಅವನ್ನ. ನಿಮ್ಮಣ್ಣನಿಗೂ ಅಷ್ಟು ಹೊತ್ತುಹೊತ್ತಿಗೆ ಊಟ ಹಾಕಿಲ್ಲ."

ಈ ಕೊನೆಯ ಮಾತು ನಿಜ. ಅಣ್ಣ ಎಷ್ಟೋ ಸಲ ನಮ್ಮ ಮನೆಗೆ ಬಂದು ಉಂಡು ಹೋಗಿದ್ದಾನೆ.

ಸತ್ತವರು ಬ್ಯಾಕ್ಟೀರಿಯಾ. ಹೋಟೆಲು, ಕ್ಯಾಂಟೀನುಗಳಲ್ಲಿ ಉಳಿದ ಊಟವೆಲ್ಲ ಈ ಶೆಡ್ಡಿಗೆ ಬಂದು ಗೊಬ್ಬರವಾಗುತ್ತದೆ. ಅನ್ನ, ಸೊಪ್ಪು, ಸಿಪ್ಪೆ ತಾವಾಗಿ ಕೊಳೆಯುತ್ತವೆ, ತಕರಾರೆಲ್ಲ ಎಣ್ಣೆಯದು. ಅದು ಎಲ್ಲದಕ್ಕೂ ಮೆತ್ತಿಕೊಂಡು ಗಾಳಿ ಆಡದ ಹಾಗೆ ಮಾಡುತ್ತದೆ. ಆಮೇಲೆ ಹುಳಿ ನಾತ, ನೊಣ, ಅಕ್ಕಪಕ್ಕದವರ ಜಗಳ. ಅದಕ್ಕೇ ಅತ್ತಿಗೆ ಬಿಸಿಯನ್ನು ಮೆಚ್ಚುವ ಬ್ಯಾಕ್ಟೀರಿಯಾ ಸಾಕಿದ್ದರು. ಕೈಯಿಟ್ಟರೆ ಸುಡುವ ಬಿಸಿಯಲ್ಲಿ ಬೇರೆ ಜೀವಗಳು ಬೆಂದುಹೋದರೆ, ಇವು ಅಲ್ಲೇ ಆರಾಮಾಗಿ ಊಟಕ್ಕೆ ಕೂರುತ್ತವೆ. ಎಣ್ಣೆಯನ್ನು ಒಡೆದು ತಿನ್ನುತ್ತವೆ, ತಿಂದಷ್ಟೂ ತಾವೇ ಬಿಸಿ ಹುಟ್ಟಿಸುತ್ತವೆ.

ಸಣ್ಣ ಡ್ರಮ್ಮಿಗೆ ಇವರೆಲ್ಲ ತಾಯಿ ಡ್ರಮ್ಮು ಅನ್ನುತ್ತಾರೆ. ಮನೆಯಲ್ಲಿ ನಿನ್ನೆಯ ಮೊಸರು ಒಂದು ಚಮಚ ಉಳಿಸಿಕೊಳ್ಳುವ ಹಾಗೆ, ಅದರಿಂದ ಹೆಪ್ಪು ತೆಗೆದು ದೊಡ್ಡ ಡ್ರಮ್ಮುಗಳಿಗೆ ಹಾಕುವುದು. ನಿನ್ನೆ ಬೆಳಿಗ್ಗೆ ಬಂದು ನೋಡಿದರೆ ಅದು ತಣ್ಣಗೆ ಮಲಗಿತ್ತು. ಹೆಪ್ಪಿಲ್ಲದೆ ದೊಡ್ಡವೂ ಒಂದೊಂದಾಗಿ ಆರುತ್ತಿದ್ದವು.

"ಯಾರು ಮಾಡಿದ್ದು ಅಂತ ಹುಡುಕೋ ಕೆಲಸ ಇಲ್ಲ ಮೇಡಂ," ಎಂದಿತು ಒಂದು ಟೈ. "ಅಪರಾಧಿ ಇಲ್ಲೇ ಇದ್ದಾನೆ."

ಅದು ಮ್ಯಾನೇಜರು. ಎಂಜಲಿನ ಶೆಡ್ಡಿನಲ್ಲಿ ಟೈ ಕಟ್ಟಿಕೊಂಡು ಓಡಾಡುವ ಮನುಷ್ಯನನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬರಲಿಲ್ಲ. ಟೈ ಸಾಹೇಬನ ಬೆರಳು ಮೂರನೆಯವರ ಕಡೆ ತಿರುಗಿತ್ತು. ಅವರು ಡ್ರಮ್ಮಣ್ಣ. ಅರವತ್ತರ ಆಚೀಚೆ ವಯಸ್ಸು, ತಗ್ಗಿದ ಭುಜ. ಬೆಳಿಗ್ಗೆ ವ್ಯಾನಿನಲ್ಲಿ ಅಡುಗೆಮನೆಗಳನ್ನು ಸುತ್ತಿ ಪೀಪಾಯಿ ತರುವವರೂ ಅವರೇ, ಡ್ರಮ್ಮಿಗೆ ತುಂಬುವವರೂ ಅವರೇ.

"ನಾನು ಕೊಲ್ಲಲಿಲ್ಲಮ್ಮ," ಎಂದರು.

"ಸಂಜೆ ಈ ಶೆಡ್ಡಿನ ಯಜಮಾನರು ಪರಊರಿಂದ ಬರ್ತಾರೆ," ಎಂದ ಟೈ. "ಬಂದ ತಕ್ಷಣ ಇವನನ್ನ ಪೊಲೀಸರಿಗೆ ಒಪ್ಪಿಸೋದೇ. ಅಷ್ಟರೊಳಗೆ ನೀವು ಏನಾದ್ರೂ ಹುಡುಕೋ ಹಾಗಿದ್ರೆ ಹುಡುಕಿ. ನಿಮ್ಮ ಅತ್ತಿಗೆ ಕೇಳ್ಕೊಂಡ್ರು ಅಂತ ಒಳಗೆ ಬಿಟ್ಟಿದೀನಿ."

"ಸಾಕ್ಷಿ?"

ಟೈ ಒಂದು ತಗಡಿನ ಡಬ್ಬ ಎತ್ತಿ ತೋರಿಸಿದ. ಬ್ಲೀಚಿಂಗ್ ಪುಡಿ. "ತಾಯಿ ಡ್ರಮ್ಮಿನ ಹಿಂದೆ ಸಿಕ್ತು. ಇದನ್ನ ಸುರಿದು ಕೊಂದಿದ್ದಾನೆ."

"ನೀವು ಇದರ ಮುಚ್ಚಳ ತೆಗೆದು ನೋಡಿದ್ರಾ?"

"ಅದನ್ನ ಬೇರೆ ತೆಗೀಬೇಕಾ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ನಾನೇ ತೆಗೆಯಲು ಹೋದೆ. ತುಕ್ಕು ಹಿಡಿದ ಮುಚ್ಚಳ ಜಪ್ಪಯ್ಯ ಅಂದರೂ ಏಳಲಿಲ್ಲ. ಡ್ರಮ್ಮಣ್ಣನೇ ಸ್ಪ್ಯಾನರಿನ ತುದಿ ಕೊಟ್ಟು ಮೀಟಿದರು. ತಮ್ಮ ಮೇಲಿನ ಸಾಕ್ಷಿಯನ್ನು ತೆರೆಯಲು ತಾವೇ ಕೈಜೋಡಿಸುವ ಅಪರಾಧಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಳಗೆ ಪುಡಿಯೆಲ್ಲ ಎಂದೋ ಒದ್ದೆಯಾಗಿ ಕಲ್ಲಾಗಿತ್ತು. ತಲೆಕೆಳಗು ಹಿಡಿದು ಬಡಿದೆ. ಒಂದು ಕಾಳೂ ಉದುರಲಿಲ್ಲ.

"ಇದನ್ನ ಸುರಿಯೋಕೆ ಮೊದಲು ಸುತ್ತಿಗೆ ತಗೊಂಡು ಒಡೀಬೇಕು ಸಾರ್."

"ಹಾಗಾದ್ರೆ ಬೇರೆ ಏನೋ ಹಾಕಿದಾನೆ. ಆ ಪುಡಿ ಕಂಪನಿಯವನ ಜೊತೆ ಗೇಟಿನ ಹತ್ರ ಹಲ್ಲು ಕಿರಿದುಕೊಂಡು ಮಾತಾಡ್ತಿದ್ದ, ನಾನೇ ನೋಡಿದೀನಿ."

"ಯಾವ ಪುಡಿ?"

ಅತ್ತಿಗೆ ನಡುವೆ ಬಾಯಿ ಹಾಕಿದರು. "ಎಣ್ಣೆ ಕರಗಿಸೋ ಪುಡಿ ಅಂತೆ. ನನ್ನ ಹೆಪ್ಪು ಬೇಡ, ಅದನ್ನೇ ತರಿಸೋಣ ಅಂತ ಇವರು ಎರಡು ತಿಂಗಳಿಂದ ಜಪ ಮಾಡ್ತಿದ್ದಾರೆ."

"ಯಾರು?"

"ಇನ್ಯಾರು? ಇವರೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಾಹೇಬ ಟೈ ಮುಟ್ಟಿ ನೋಡಿಕೊಂಡ. "ನಾನು ಸಂಸ್ಥೆಯ ಒಳ್ಳೇದಕ್ಕೆ ಹೇಳಿದ್ದು," ಎಂದು ಗೊಣಗಿದ.

ಸರಿ, ಇನ್ನೊಬ್ಬ ಅನುಮಾನಿತ ಸಿಕ್ಕಿದ. ಆದರೆ ಈ ಮನುಷ್ಯ ಡ್ರಮ್ಮಿನ ಬಾಗಿಲು ಮುಟ್ಟುವವನಲ್ಲ. ಮುಟ್ಟಿದ್ದರೆ ಟೈಗೆ ಒಂದಾದರೂ ಕಲೆ ಇರುತ್ತಿತ್ತು.

ತಾಯಿ ಡ್ರಮ್ಮಿನ ಬಾಗಿಲು ತೆಗೆಸಿದೆ. ಉದ್ದನೆಯ ಕಡ್ಡಿಯ ಥರ್ಮಾಮೀಟರ್ ಚುಚ್ಚಿದರೆ ಹೊರಗಿನ ಗಾಳಿಗೂ ಒಳಗಿನ ಗೊಬ್ಬರಕ್ಕೂ ವ್ಯತ್ಯಾಸವೇ ಇಲ್ಲ. ಒಳಗೆ ಎಲ್ಲ ಕಪ್ಪಗೆ, ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು. ತಲೆ ಒಳಗೆ ಹಾಕಿ ಮೂಸಿದೆ. ದೊಡ್ಡ ಡ್ರಮ್ಮುಗಳ ಹತ್ತಿರ ಮೂಗು ಬಿಡಲಾಗದಿದ್ದರೂ ಅದು ಊಟದ ನಾತ. ಇಲ್ಲಿ ಊಟದ ಸುಳಿವೇ ಇಲ್ಲ. ಹಳೆಯ ಹೊಲಿಗೆ ಯಂತ್ರದ್ದೋ, ಸೈಕಲ್ ಚೈನಿನದೋ ಏನೋ ವಾಸನೆ.

"ಅತ್ತಿಗೆ, ಇದನ್ನ ಮೂಸಿ ನೋಡಿ."

ಮೂಸಿದರು. "ಏನೂ ಇಲ್ವಲ್ಲ."

"ಏನೂ ಇಲ್ಲ ಅಂದ್ರೆ?"

"ಇಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ನನ್ನ ಮೂಗು ಹೋಯ್ತು. ಡ್ರಮ್ಮಣ್ಣಂದೂ ಅಷ್ಟೇ. ಗುಲಾಬಿ ಕೊಟ್ರೂ ಒಂದೇ, ಗೊಬ್ಬರ ಕೊಟ್ರೂ ಒಂದೇ."

ಟೈ ಸಾಹೇಬ ಬಾಗಿಲಿನಾಚೆ ನಿಂತು ಕೂಗಿದ. "ಡ್ರಮ್ಮಿನ ಬೇರಿಂಗಿಗೆ ಗ್ರೀಸು ಹಾಕ್ತೀವಲ್ಲ ಮೇಡಂ, ಅದರ ವಾಸನೆ ಅದು."

ಇರಬಹುದು ಅಂದುಕೊಂಡೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಆ ಶೆಡ್ಡಿಗೆಲ್ಲ ನನ್ನದೊಂದೇ ಮೂಗು. ಅದನ್ನೇ ನಂಬಬೇಕೋ ಬೇಡವೋ ಎಂದು ನಾನೇ ಅನುಮಾನಿಸುತ್ತಿದ್ದೆ.

ಆಗ ನನಗೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಹೊಳೆಯಿತು.

"ಅತ್ತಿಗೆ, ಇವು ಸತ್ತಿವೆ ಅಂತ ಹೇಗೆ ಗೊತ್ತಾಯ್ತು?"

"ತಣ್ಣಗಾಗಿದೆಯಲ್ಲೇ."

"ತಣ್ಣಗಾದ್ರೆ ಸತ್ತ ಹಾಗಾ? ಪರೀಕ್ಷೆ ಮಾಡಿದ್ರಾ?"

ಅತ್ತಿಗೆ ನನ್ನ ಮುಖ ನೋಡಿದರು. ಆಮೇಲೆ ಡ್ರಮ್ಮು ನೋಡಿದರು. ಆಮೇಲೆ ಕರವಸ್ತ್ರ ನೋಡಿಕೊಂಡರು.

"ನಾನು... ತುಂಬಾ ಬೇಜಾರಲ್ಲಿದ್ದೆ," ಎಂದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಉಸಿರಿದೆಯೋ ಇಲ್ಲವೋ ನೋಡುವ ಮುಂಚೆ ಸೂತಕಕ್ಕೆ ಕೂತವರನ್ನು ಕಂಡದ್ದು ಇದೇ ಮೊದಲು. ಅದೂ ಸೂಕ್ಷ್ಮಜೀವಿಗಳ ಮೇಲೆ ದೊಡ್ಡ ಪದವಿ ಪಡೆದವರು! ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

"ನಾಡಿ ಹಿಡಿದು ನೋಡದೆ ಒಬ್ಬ ಮನುಷ್ಯನನ್ನ ಕೊಲೆಗಾರ ಅಂತ ನಿಲ್ಲಿಸಿದೀರಲ್ಲ ಅತ್ತಿಗೆ!"

"ಬೈಬೇಡ ಕಣೇ. ಈಗ ನೋಡ್ತೀನಿ."

ಶೆಡ್ಡಿನ ಪಕ್ಕದ ಕೋಣೆ ಅವರ ಪ್ರಯೋಗಶಾಲೆ. ಕಿಟಕಿಯ ಕೆಳಗೆ ಬಿಸಿನೀರಿನ ತೊಟ್ಟಿ, ಅದರಲ್ಲಿ ಸೀಸೆಗಳನ್ನು ಮೆಲ್ಲಗೆ ಅಲುಗಾಡಿಸುತ್ತಲೇ ಇರುವ ಒಂದು ಯಂತ್ರ. ಅತ್ತಿಗೆ ಎರಡು ಸೀಸೆಗಳಿಗೆ ತಾಯಿ ಡ್ರಮ್ಮಿನಿಂದ ತೆಗೆದ ಹೆಪ್ಪನ್ನು ಚೆನ್ನಾಗಿ ತೊಳೆದು ಸಮನಾಗಿ ಹಾಕಿದರು. ಒಂದಕ್ಕೆ ಅಂಗಡಿಯಿಂದ ತಂದ ಹೊಸ ಅಡುಗೆ ಎಣ್ಣೆ.

"ಇನ್ನೊಂದಕ್ಕೆ?" ಎಂದರು.

"ಡ್ರಮ್ಮಿನೊಳಗೆ ಜಿಡ್ಡು ನಿಂತಿದೆಯಲ್ಲ, ಅದನ್ನೇ ಸೋಸಿ ಹಾಕಿ."

"ಯಾಕೆ?"

"ನನ್ನ ಮೂಗಿನ ಸಮಾಧಾನಕ್ಕೆ."

ಎರಡೂ ಸೀಸೆಯಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ ಬೇರೆಬೇರೆ ನಿಂತವು. ಇನ್ನು ಕಾಯುವುದಷ್ಟೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತ ಕೇಳಿದ್ದೆ, ಎಣ್ಣೆಯನ್ನೇ ನೋಡುತ್ತ ಕಾಯುವ ಯೋಗ ಅವತ್ತು ಬಂತು. ಸ್ವಲ್ಪ ಹೊತ್ತಿಗೆ ಬೇಸರ ಬಂದು ಶೆಡ್ಡಿಗೆ ವಾಪಸ್ಸು ಹೋದೆ.

ಡ್ರಮ್ಮಣ್ಣ ತಾಯಿ ಡ್ರಮ್ಮಿನ ಪಕ್ಕ ಕೆಳಗೆ ಕೂತು, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಡುವ ಹಾಗೆ ತಗಡಿನ ಮೇಲೆ ಅಂಗೈ ಇಟ್ಟಿದ್ದರು. ನನ್ನನ್ನು ಕಂಡು ಕೈ ತೆಗೆದರು.

"ಮೊನ್ನೆ ಇದಕ್ಕೆ ಊಟ ಹಾಕಿದ್ದು ಯಾರು?"

"ನಾನೇ."

"ಏನು ಹಾಕಿದ್ರಿ?"

"ಯಾವಾಗ್ಲೂ ಹಾಕೋದೇ."

"ಯಾವಾಗ್ಲೂ ಹಾಕೋದು ಅಂದ್ರೆ? ನನಗೆ ಗೊತ್ತಿಲ್ವಲ್ಲ ಸ್ವಾಮಿ, ಬಿಡಿಸಿ ಹೇಳಿ."

"ಕ್ಯಾಂಟೀನಿಂದು. ಅನ್ನ, ಪಲ್ಯ, ಕರಿದ ಎಣ್ಣೆ." ಸ್ವಲ್ಪ ಹೊತ್ತು ಬೆರಳಿನ ಉಗುರು ಕೆರೆದುಕೊಂಡರು. "ಅಮ್ಮ, ನಮ್ಮ ಹುಳ ತಿನ್ನದೇ ಇರೋ ಎಣ್ಣೆ ಅಂತ ಇರುತ್ತಾ?"

"ಅದನ್ನ ನಮ್ಮ ಅತ್ತಿಗೇನ ಕೇಳಿ."

"ಅವರು ಯಾವಾಗ್ಲೂ ಹೇಳೋರು, ಡ್ರಮ್ಮಣ್ಣ, ನಮ್ಮವು ಎಂಥಾ ಎಣ್ಣೆನೂ ಬಿಡಲ್ಲ ಅಂತ."

ಅದು ಅತ್ತಿಗೆಯ ಹಳೆಯ ಜಂಬ, ಮನೆಯಲ್ಲೂ ಹೇಳುತ್ತಿರುತ್ತಾರೆ. ನನಗೆ ಆಗ ಹಸಿವು, ಸಿಟ್ಟು, ಮೂಗಿನ ತುಂಬ ನಾತ. ಮುದುಕರು ಕೇಳಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಎದ್ದು ಹೋದೆ. ಹಾಗೆ ಎದ್ದು ಹೋಗಬಾರದಿತ್ತು.

ಬಿಸಿಲು ಓರೆಯಾದ ಮೇಲೆ ಪ್ರಯೋಗಶಾಲೆಯಿಂದ ಕಿರುಚಾಟ ಕೇಳಿತು.

ಅತ್ತಿಗೆ ಸೀಸೆಯನ್ನು ಎದೆಗೊತ್ತಿಕೊಂಡು ನಿಂತಿದ್ದರು. "ಬದುಕಿವೆ ಕಣೇ! ನೋಡು, ಬದುಕಿವೆ!"

ಮೊದಲ ಸೀಸೆಯಲ್ಲಿ ಎಣ್ಣೆಯ ಪದರ ಒಡೆದುಹೋಗಿತ್ತು. ನೀರೂ ಎಣ್ಣೆಯೂ ಸೇರಿ ಬೆಳ್ಳಗೆ, ಮೇಲೆ ಬುರುಗು. ಹಸಿದವರ ಮುಂದೆ ಅನ್ನ ಇಟ್ಟ ಹಾಗೆ ಅವು ಬಾಚಿ ತಿಂದಿದ್ದವು. ಎರಡನೆಯದರಲ್ಲಿ ಮಾತ್ರ ಬೆಳಿಗ್ಗೆ ಎಣ್ಣೆ ಹೇಗೆ ನಿಂತಿತ್ತೋ ಹಾಗೇ ನಿಂತಿತ್ತು. ಒಂದು ಬಿರುಕೂ ಇಲ್ಲ.

"ಇದನ್ನ ಯಾಕೆ ಮುಟ್ಟಿಲ್ಲ?" ಎಂದೆ.

ಅತ್ತಿಗೆಯ ನಗು ನಿಧಾನವಾಗಿ ಇಳಿಯಿತು. ಎರಡನೆಯ ಸೀಸೆಯನ್ನು ಬೆಳಕಿಗೆ ಹಿಡಿದರು, ಒಂದು ಹನಿ ತೆಗೆದು ಬೆರಳಲ್ಲಿ ಉಜ್ಜಿದರು. "ನಿನಗೆ ಏನು ವಾಸನೆ ಬಂತು ಅಂದೆ?"

"ಹೊಲಿಗೆ ಯಂತ್ರದ್ದು."

"ಹಾಗಾದ್ರೆ ಇದು ಅಡುಗೆ ಎಣ್ಣೆ ಅಲ್ಲ. ಯಂತ್ರಕ್ಕೆ ಹಾಕೋ ಎಣ್ಣೆ. ಇದನ್ನ ನನ್ನವು ತಿನ್ನಲ್ಲ ಕಣೇ, ಅವುಗಳ ಹಲ್ಲಿಗೆ ಬಗ್ಗಲ್ಲ ಇದು. ಮೈಗೆಲ್ಲ ಮೆತ್ತಿಕೊಂಡು ಗಾಳಿ ಇಲ್ಲದ ಹಾಗೆ ಮಾಡಿದೆ. ಊಟ ಇಲ್ಲ, ಗಾಳಿ ಇಲ್ಲ, ಬಿಸಿ ಆರಿದೆ, ಮಲಗಿಬಿಟ್ಟಿವೆ. ಅಷ್ಟೇ."

"ಬರೀ ಗ್ರೀಸು ಸೋರಿದ್ರೆ ಇಷ್ಟು ಎಣ್ಣೆ ಬರುತ್ತಾ?"

"ಒಂದು ಡಬ್ಬದಷ್ಟಾದ್ರೂ ಸುರಿದಿರಬೇಕು."

ಹುಳ ತಿನ್ನದ ಎಣ್ಣೆ ಇರುತ್ತಾ ಎಂದು ಡ್ರಮ್ಮಣ್ಣ ಕೇಳಿದ್ದನ್ನು ಅತ್ತಿಗೆಗೆ ಹೇಳಿದೆ. ಇಬ್ಬರ ತಲೆಯಲ್ಲೂ ಓಡುತ್ತಿದ್ದದ್ದು ಒಂದೇ. ಡ್ರಮ್ಮಿಗೆ ಬರುವ ಎಣ್ಣೆಯೆಲ್ಲ ಯಾವುದೋ ಅಡುಗೆಮನೆಯಿಂದ ಬಂದದ್ದು. ಯಂತ್ರದ ಎಣ್ಣೆ ಎಂಜಲಿನ ಪೀಪಾಯಿಯಲ್ಲಿ ಬಂತೆಂದರೆ, ಅದಕ್ಕೆ ಮುಂಚೆ ಅದು ಯಾರದೋ ಬಾಣಲೆಯಲ್ಲಿ ಇತ್ತು. ಬಾಣಲೆಯಲ್ಲಿ ಇತ್ತೆಂದರೆ ಯಾರದೋ ತಟ್ಟೆಯಲ್ಲೂ ಇತ್ತು.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದೇ ಒಳ್ಳೆಯದಾಯಿತು.

ಶೆಡ್ಡಿಗೆ ಬಂದು ಎಲ್ಲರ ಮುಂದೆ ಹೇಳಿದೆ. "ಕೊಲೆ ಆಗಿಲ್ಲ. ಯಾವುದೂ ಸತ್ತಿಲ್ಲ. ಡ್ರಮ್ಮಣ್ಣ ನಿರಪರಾಧಿ."

ಟೈ ಸಾಹೇಬನ ಮುಖ ಸಪ್ಪಗಾಯಿತು. "ಹಾಗಾದ್ರೆ ಪೊಲೀಸು?"

"ಪೊಲೀಸು ಬೇಕು, ಇವರಿಗಲ್ಲ. ಡ್ರಮ್ಮಣ್ಣ, ಒಂದೇ ಒಂದು ಮಾತು ಹೇಳಿ, ನಿಮ್ಮ ಕೆಲಸ ಮುಗೀತು. ತಾಯಿ ಡ್ರಮ್ಮಿಗೆ ಹಾಕಿದ ಆ ಎಣ್ಣೆ ಯಾವ ಅಡುಗೆಮನೆಯಿಂದ ಬಂತು?"

ಮುದುಕರು ಖುಷಿಪಡುತ್ತಾರೆ, ಕೈಮುಗಿಯುತ್ತಾರೆ ಅಂತ ಕಾದಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಪೀಪಾಯಿಗಳೆಲ್ಲ ಒಂದೇ ನೀಲಿ ಬಣ್ಣದವು, ಖಾಲಿಯಾದ ತಕ್ಷಣ ತೊಳೆದು ಕವುಚಿ ಇಡುತ್ತಾರೆ. ಯಾವುದು ಎಲ್ಲಿಯದು ಎಂದು ಬಲ್ಲವರು ಇವರೊಬ್ಬರೇ.

"ನಾನೇ ಕೊಂದೆ," ಎಂದರು.

"ಏನಂದ್ರಿ?"

"ನಾನೇ ಕೊಂದೆ. ಬ್ಲೀಚಿಂಗ್ ಪುಡಿ ಹಾಕಿ ಕೊಂದೆ."

"ಅದು ಕಲ್ಲಾಗಿತ್ತಲ್ಲ! ನೀವೇ ತೆಗೆದು ತೋರಿಸಿದ್ರಿ!"

"ಹಾಗಾದ್ರೆ ಸೋಪಿನ ನೀರು."

"ಅವು ಸತ್ತೇ ಇಲ್ಲ ಡ್ರಮ್ಮಣ್ಣ!"

"ಕೊಲ್ಲೋಕೆ ಅಂತಲೇ ಹಾಕಿದ್ದು. ಸಾಯಲಿಲ್ಲ ಅಂದ್ರೆ ನನ್ನ ತಪ್ಪಾ?"

ಟೈ ಸಾಹೇಬನಿಗೆ ಹೋದ ಜೀವ ಬಂದಂತಾಯಿತು. "ಕೇಳಿದ್ರಲ್ಲ, ಕೇಳಿದ್ರಲ್ಲ! ಬಾಯಿಬಿಟ್ಟು ಒಪ್ಪಿಕೊಂಡ!" ಎನ್ನುತ್ತ ಫೋನ್ ತೆಗೆದು ಬಾಗಿಲಿನ ಕಡೆ ಓಡಿದ. "ಹಲೋ, ಸಾರ್... ಹೌದು ಸಾರ್, ಈಗ ತಾನೇ... ಎಲ್ಲಾ ತಾನೇ ಮಾಡಿದ್ದು ಅಂತ..." ಪೊಲೀಸ್ ಠಾಣೆಗೆ ಸುದ್ದಿ ಹೋಯಿತು ಅಂದುಕೊಂಡು ಹಲ್ಲು ಕಚ್ಚಿದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೆಳಿಗ್ಗೆಯಿಂದ ಈ ಮನುಷ್ಯನಿಗಾಗಿ ತಲೆ ಚಚ್ಚಿಕೊಂಡು, ಇನ್ನೇನು ಬಿಡಿಸಿದೆ ಅನ್ನುವಾಗ ತಾನಾಗಿ ಹೋಗಿ ಬೋನಿಗೆ ಬೀಳುವುದೇ? ಕಿರಿಚಬೇಕು ಅನ್ನಿಸಿತು. ಕಿರಿಚಿದೆ ಕೂಡ.

"ನಿಮಗೇನಾದ್ರೂ ಬುದ್ಧಿ ಇದೆಯೇನ್ರೀ? ಅಲ್ಲೆಲ್ಲೋ ಜನ ಆ 'ಎಣ್ಣೆ'ಯಲ್ಲಿ ಕರಿದದ್ದು ತಿಂತಿದ್ದಾರೆ! ಇವತ್ತು ಸಂಜೆಯೂ ತಿಂತಾರೆ! ನೀವು ಯಾರನ್ನ ಕಾಪಾಡ್ತಿದೀರಿ?"

ಡ್ರಮ್ಮಣ್ಣ ಹೋಗಿ ತಾಯಿ ಡ್ರಮ್ಮಿನ ಪಕ್ಕ ಕೂತರು.

ಅತ್ತಿಗೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಅವರಿಗೆ ಒಬ್ಬಳೇ ಮಗಳು. ಎಲ್ಲೋ ಅಡುಗೆ ಕೆಲಸ ಅಂತ ಒಂದ್ಸಲ ಹೇಳಿದ್ರು."

"ಎಲ್ಲಿ?"

"ಕೇಳಲಿಲ್ಲ ಕಣೇ."

"ಆರು ವರ್ಷ ಅತ್ತಿಗೆ! ಆರು ವರ್ಷ ಜೊತೆಗೆ ಕೆಲಸ ಮಾಡಿ, ಮಗಳು ಎಲ್ಲಿದ್ದಾಳೆ ಅಂತ ಕೇಳಲಿಲ್ವಾ? ಬ್ಯಾಕ್ಟೀರಿಯಾಕ್ಕೆ ನೆಗಡಿ ಬಂದ್ರೂ ನಿಮಗೆ ಗೊತ್ತಾಗುತ್ತೆ!"

ಅತ್ತಿಗೆ ತಲೆ ತಗ್ಗಿಸಿದರು. ಇನ್ನು ಅವರ ಮೇಲೆ ಕೂಗಿ ಪ್ರಯೋಜನವಿರಲಿಲ್ಲ. ನಾನು ಡ್ರಮ್ಮಣ್ಣನ ಎದುರಿಗೆ ನೆಲದ ಮೇಲೆ ಕೂತೆ. ಜಿಡ್ಡು ನೆಲ, ಒಳ್ಳೆಯ ಪ್ಯಾಂಟು, ಹಾಳಾಗಲಿ.

"ಒಂದು ಕೇಳ್ತೀನಿ. ಅಡುಗೆ ಮಾಡೋರು ಬಡಿಸೋಕೆ ಮೊದಲು ಉಪ್ಪು ಖಾರದ ರುಚಿ ನೋಡ್ತಾರೆ, ಅಲ್ವಾ?"

ಅವರು ತಲೆ ಎತ್ತಿದರು.

"ಎಲ್ಲರಿಗೂ ಬಡಿಸಿ, ಕೊನೆಗೆ ಅಲ್ಲೇ ಊಟ ಮಾಡ್ತಾರೆ. ಮನೆಗೆ ಬಂದು ಬೇರೆ ಮಾಡ್ಕೊಳ್ಳೋಕೆ ಶಕ್ತಿ ಇರಲ್ಲ. ಆ ಎಣ್ಣೆ ಎಲ್ಲರಿಗಿಂತ ಹೆಚ್ಚು ಹೋಗ್ತಿರೋದು ಯಾರ ಹೊಟ್ಟೆಗೆ?"

ಮುದುಕರ ಕಣ್ಣಲ್ಲಿ ನೀರು ತುಂಬಿ ಬಂತು. ಇದೊಂದನ್ನು ಅವರು ಯೋಚಿಸಿರಲಿಲ್ಲ. ಮಗಳ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ, ಜೈಲಾಗುತ್ತದೆ ಎಂದೆಲ್ಲ ಯೋಚಿಸಿದ್ದರು. ಅವಳಿಗೂ ಹೊಟ್ಟೆ ಇದೆ ಅನ್ನುವುದು ಹೊಳೆದಿರಲಿಲ್ಲ.

"ಸ್ಕ್ರೂ ಕಾರ್ಖಾನೆ ಕ್ಯಾಂಟೀನಮ್ಮ," ಎಂದರು. "ಅಲ್ಲಿ ಅವಳೇ ಮುಖ್ಯ ಅಡುಗೆಯವಳು. ಕ್ಯಾಂಟೀನು ನಡೆಸೋರ ಕಡೆಯೋರು ಡಬ್ಬ ತಂದು ಕೊಡ್ತಾರೆ, ಇವಳು ಹಾಕಬೇಕು. ವಾಸನೆ ಬರುತ್ತೆ ಅಂದ್ರೆ, ಸುಮ್ನೆ ಕರಿ, ಇಲ್ಲಾಂದ್ರೆ ನೀನೇ ಬೆರೆಸಿದ್ದು ಅಂತೀವಿ ಅಂದ್ರಂತೆ. ಒಂದು ಡಬ್ಬನಾದ್ರೂ ಜನರ ಹೊಟ್ಟೆಗೆ ಹೋಗದೇ ಇರಲಿ ಅಂತ ಕದ್ದು ನನ್ನ ಪೀಪಾಯಿಗೆ ಸುರಿದಳು. ಅಪ್ಪ, ನಿನ್ನ ಹುಳ ತಿಂದು ಮುಗಿಸಿಬಿಡುತ್ತಲ್ಲ, ಸುಳಿವೇ ಇರಲ್ಲ ಅಂದಳು. ನಾನೂ ಹಾಗೇ ನಂಬಿದೆ. ಎಲ್ಲಕ್ಕಿಂತ ಗಟ್ಟಿ ಇರೋದು ತಾಯಿ ಡ್ರಮ್ಮು ಅಂತ ಅದಕ್ಕೇ ಹಾಕಿದೆ."

"ಎಂಥಾ ಎಣ್ಣೆನೂ ಬಿಡಲ್ಲ" ಎಂದು ಜಂಬ ಕೊಚ್ಚಿದ ಅತ್ತಿಗೆ ಗೋಡೆ ಕಡೆ ತಿರುಗಿ ನಿಂತರು.

"ಫೋನ್ ಮಾಡಿ ಅವಳಿಗೆ," ಎಂದೆ. "ಏನೂ ತಿನ್ನಬೇಡ ಅಂತ ಹೇಳಿ. ಎಲ್ಲರಿಗೂ ಕೇಳೋ ಹಾಗೆ ಸ್ಪೀಕರ್ ಹಾಕಿ."

ಎರಡು ಸಲ ತಪ್ಪು ನಂಬರು ಒತ್ತಿದರು. ಮೂರನೆಯ ಸಲ ಹೋಯಿತು. ಆ ಕಡೆ ಎತ್ತಿದ ತಕ್ಷಣ ದಬದಬ ಸದ್ದು.

"ಮಗಳೇ, ನೀನು ಅಲ್ಲಿ ಊಟ ಮಾಡಬೇಡ."

"ಅಪ್ಪಾ!" ಹೆಣ್ಣುಮಗಳ ದನಿ, ಏದುಸಿರು. "ನಾನು ಬಾಣಲೆ ಇಳಿಸಿಬಿಟ್ಟೆ. ಇವತ್ತು ಊಟ ಇಲ್ಲ ಅಂತ ಸಾಲಲ್ಲಿ ನಿಂತಿದ್ದವರಿಗೆಲ್ಲ ಹೇಳಿಬಿಟ್ಟೆ. ಇನ್ನು ನನ್ನ ಕೈಲಿ ಆಗಲ್ಲಪ್ಪ. ಉಗ್ರಾಣದ ಬಾಗಿಲು ಒಳಗಿಂದ ಹಾಕ್ಕೊಂಡಿದೀನಿ, ಡಬ್ಬಗಳೆಲ್ಲ ಇಲ್ಲೇ ಇವೆ. ಯಾರನ್ನಾದ್ರೂ ಕರ್ಕೊಂಡು ಬಾ, ಬಂದು ನೋಡಲಿ."

ಮತ್ತೆ ದಬದಬ. ಆಮೇಲೆ ಬಡಿತ ನಿಂತು, ಬಾಗಿಲಿನಾಚೆಯಿಂದ ಒಬ್ಬ ಗಂಡಸಿನ ದನಿ ಕೇಳಿತು. ಸಿಟ್ಟಿನದಲ್ಲ, ಸಮಾಧಾನದ ದನಿ.

"ಬಾಗಿಲು ತೆಗಿಯಮ್ಮ. ನಿಮ್ಮಪ್ಪ ಅಲ್ಲಿ ಈಗ ತಾನೇ ಒಪ್ಪಿಕೊಂಡ, ಎಲ್ಲಾ ತಾನೇ ಮಾಡಿದ್ದು ಅಂತ. ಇನ್ನು ನೀನು ಹೇಳೋದನ್ನ ಯಾರು ನಂಬ್ತಾರೆ?"

ಫೋನ್ ಕಟ್ಟಾಯಿತು.

ಡ್ರಮ್ಮಣ್ಣ ವ್ಯಾನಿನ ಕಡೆ ಓಡಿದರು. ನಾನು ಓಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಟೈ ಸಾಹೇಬನ ಕಡೆ ತಿರುಗಿದೆ. ಫೋನು ಇನ್ನೂ ಅವನ ಕೈಯಲ್ಲೇ ಇತ್ತು. ಮುದುಕರು ಒಪ್ಪಿಕೊಂಡದ್ದನ್ನು ಈ ಶೆಡ್ಡಿನ ಹೊರಗೆ ಕೇಳಿಸಿಕೊಂಡವನು ಒಬ್ಬನೇ ಒಬ್ಬ, ಆ ಫೋನಿನ ಆಚೆ ಇದ್ದವನು.

"ನೀವು ಯಾರಿಗೆ ಫೋನ್ ಮಾಡಿದ್ರಿ?"

ಅವನಿಗೆ ಆ ದನಿಯ ಗುರುತು ಸಿಕ್ಕಿತ್ತು. ಟೈಯ ಗಂಟು ಸಡಿಲಿಸಿಕೊಂಡ, ಮೊದಲ ಸಲ ನನಗೆ ಅವನ ಮೇಲೆ ಕನಿಕರ ಬಂತು.

"ಯಜಮಾನರಿಗೆ," ಎಂದ. "ಇನ್ನೂ ಪರಊರಲ್ಲೇ ಇದೀನಿ ಅಂದ್ರಲ್ಲ ಮೇಡಂ."